ಗಣಕ ರಾಧಾನಾಥ ಶಿಕದಾರರು

ದೊಡ್ಡ ಕಾರ್ಯಗಳ ಚರಿತ್ರೆಯಲ್ಲಿ ಅಪ್ಪಣೆ ಕೊಟ್ಟವರ ಹೆಸರು ಉಳಿಯುವುದೂ ಕುಳಿತು ಲೆಕ್ಕ ಮಾಡಿದವರ ಹೆಸರು ಅಳಿಯುವುದೂ ಲೋಕದಲ್ಲಿ ಹೊಸದಾದ ಸಂಗತಿಯೇನಲ್ಲ. ಕೆರೆಯನ್ನು ಕಟ್ಟಿಸಿದ ದೊರೆಯ ಹೆಸರು ಶಾಸನದಲ್ಲಿರುತ್ತದೆ. ಏರಿಯ ಎತ್ತರವಿಷ್ಟೇ ಇರತಕ್ಕುದೆಂದು ಗೊತ್ತುಮಾಡಿದವನು ಯಾರೆಂಬುದನ್ನು ಆ ಶಾಸನವು ಹೇಳುವುದಿಲ್ಲ. ಭೂಮಂಡಲದಲ್ಲೆಲ್ಲ ಅತ್ಯುನ್ನತವಾದ ಶಿಖರವು ಇಂದಿಗೂ ಜಗತ್ತಿನ ಭೂಪಟಗಳಲ್ಲಿ ಜಾರ್ಜ್ ಎವರೆಸ್ಟ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರನ್ನೇ ಹೊತ್ತು ನಿಂತಿದೆ. ಆ ಅಧಿಕಾರಿಯ ಕೈಕೆಳಗೆ ಹದಿನೆಂಟು ವರ್ಷದ ಹುಡುಗರಾಗಿ ಸೇರಿ, ಸ್ವಂತ ಪ್ರತಿಭೆಯೊಂದರಿಂದಲೇ ಮುಖ್ಯ ಗಣಕರ ಪದವಿಗೆ ಏರಿದ ಬಂಗಾಳದ ರಾಧಾನಾಥ ಶಿಕದಾರರ ಚರಿತ್ರೆಯನ್ನು ನಮ್ಮ ವಾಚಕರು ತಿಳಿಯತಕ್ಕುದು ಎರಡು ಕಾರಣಗಳಿಂದ ಆವಶ್ಯಕವಾಗಿದೆ. ಒಂದು, ಅವರಿಗೆ ನಡೆದ ಅನ್ಯಾಯವು. ಇನ್ನೊಂದು, ಆ ಅನ್ಯಾಯವನ್ನು ಸರಿಪಡಿಸುವ ಉತ್ಸಾಹದಲ್ಲಿ ನಾವೇ ಮಾಡಿಬಿಡಬಹುದಾದ ತಪ್ಪು.

ರಾಧಾನಾಥರು 1813ರ ಅಕ್ಟೋಬರಿನಲ್ಲಿ ಕಲ್ಕತ್ತೆಯ ಜೋಡಾಸಾಂಕೊ ಪ್ರದೇಶದಲ್ಲಿ ಜನಿಸಿದರು. ತಂದೆ ತಿತುರಾಮ ಶಿಕದಾರರು. ಮನೆತನವು ಧನಾಢ್ಯವಾಗಿರಲಿಲ್ಲ. 1824ರಲ್ಲಿ ಹಿಂದೂ ಕಾಲೇಜನ್ನು ಸೇರಿದ ಬಾಲಕನಿಗೆ ವಿದ್ಯಾರ್ಥಿವೇತನವೇ ಊರೆಗೋಲಾಯಿತು. ಆ ಕಾಲೇಜಿನಲ್ಲಿ ಆಗ ಹೆನ್ರಿ ಡಿರೋಜಿಯೊ ಎಂಬ ತರುಣ ಉಪಾಧ್ಯಾಯರು, ಕಣ್ಣುಮುಚ್ಚಿ ಏನನ್ನೂ ಒಪ್ಪಬಾರದೆಂಬ ಬುದ್ಧಿಯನ್ನು ಶಿಷ್ಯರಲ್ಲಿ ಬಿತ್ತುತ್ತಿದ್ದರು. ರಾಧಾನಾಥರು ಆ ಗುಂಪಿನವರು. ಮನೆಯವರು ಬಾಲಿಕೆಯೊಬ್ಬಳನ್ನು ತಂದು ಮದುವೆ ಮಾಡಬೇಕೆಂದಾಗ ಅವರು ಒಪ್ಪಲಿಲ್ಲ. ಕಡೆಯವರೆಗೂ ಅವಿವಾಹಿತರಾಗಿಯೇ ಉಳಿದರು. ಗಣಿತದಲ್ಲಿ ಅವರ ಗುರುಗಳಾದವರು ಡಾಕ್ಟರ್ ಜಾನ್ ಟೈಟ್ಲರ್. ಅವರ ಬಳಿಯಲ್ಲಿ ನ್ಯೂಟನ್ನನ ಮಹಾಗ್ರಂಥವಾದ ‘ಪ್ರಿನ್ಸಿಪಿಯಾ’ವನ್ನು ವ್ಯಾಸಂಗಮಾಡಿದ ಮೊದಲ ಭಾರತೀಯರಲ್ಲಿ ರಾಧಾನಾಥರು ಒಬ್ಬರು.

ಆಗ ಈ ದೇಶದಲ್ಲಿ ಮಹಾ ತ್ರಿಕೋನಮಿತಿ ಸರ್ವೆಯೆಂಬ ಕಾರ್ಯವು ನಡೆಯುತ್ತಿದ್ದಿತು. ಇದರ ಆರಂಭಕ್ಕೂ ನಮ್ಮ ನಾಡಿಗೂ ಸಂಬಂಧವುಂಟು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮರುವರ್ಷವೇ ವಿಲಿಯಂ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದನು. 1802ರಲ್ಲಿ ಮದರಾಸಿನ ಬಳಿ ಅಳೆದ ರೇಖೆಯಿಂದ ಕ್ರಮವಾದ ಸರ್ವೆಯು ಮುಂದುವರಿದು ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕಡಲತೀರವನ್ನು ಮುಟ್ಟಿತು. ಗೆದ್ದ ನೆಲವನ್ನು ಅಳೆದುಕೊಳ್ಳುವುದು ಗೆದ್ದವರ ಉದ್ದೇಶವಾಗಿದ್ದಿತೆಂಬುದನ್ನು ಮರೆಮಾಡಬೇಕಾದುದಿಲ್ಲ. ಆದರೆ ಆ ಕಾರ್ಯದಲ್ಲಿ ಶುದ್ಧವಾದ ವಿಜ್ಞಾನವೂ ಅಡಗಿದ್ದಿತು. ಲ್ಯಾಂಬ್ಟನ್ನನ ಅನಂತರ ಅದರ ಭಾರವನ್ನು ಹೊತ್ತ ಎವರೆಸ್ಟರು 1831ರಲ್ಲಿ ಗಣಿತದಲ್ಲಿ ಪಳಗಿದ ತರುಣರನ್ನು ಹುಡುಕಿದಾಗ ಟೈಟ್ಲರರು ತಮ್ಮ ಶಿಷ್ಯನ ಹೆಸರನ್ನು ಹೇಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ರಾಧಾನಾಥರು ಅಲ್ಪ ಸಂಬಳಕ್ಕೆ ಕೆಲಸಕ್ಕೆ ಸೇರಿದರು. ಇಂದು ಯಂತ್ರಕ್ಕೆ ಸಂದಿರುವ ‘ಕಂಪ್ಯೂಟರ್’ ಎಂಬ ಹೆಸರು ಆಗ ಲೆಕ್ಕಮಾಡುವ ಮನುಷ್ಯನ ಉದ್ಯೋಗದ ಹೆಸರಾಗಿದ್ದಿತು.

ಗಣಕನ ಕೆಲಸವು ಎಂತಹುದೆಂಬುದನ್ನು ವಾಚಕರು ಸ್ವಲ್ಪ ತಾಳ್ಮೆಯಿಂದ ತಿಳಿಯಬೇಕು. ಇಲ್ಲದಿದ್ದರೆ ಈ ಜೀವನದ ಬೆಲೆಯು ತಿಳಿಯುವುದಿಲ್ಲ. ಬೆಟ್ಟದ ಮೇಲೋ ಗೋಪುರದ ಮೇಲೋ ನಿಂತು ದುರ್ಬೀನುಯಂತ್ರದಿಂದ ಕೋನಗಳನ್ನು ನೋಡುವವನು ಒಬ್ಬನು. ಅವನು ಬರೆದು ಕಳುಹಿಸಿದ ಅಂಕಿಗಳಿಂದ ದೂರವನ್ನೂ ಎತ್ತರವನ್ನೂ ಹೊರಡಿಸುವವನು ಇನ್ನೊಬ್ಬನು. ನೋಡಿದ ಅಂಕಿಗಳು ಎಂದಿಗೂ ಪರಸ್ಪರ ಸರಿಯಾಗಿ ಹೊಂದುವುದಿಲ್ಲ. ಗಾಳಿಯು ದೃಷ್ಟಿರೇಖೆಯನ್ನು ಬಗ್ಗಿಸುತ್ತದೆ, ಬಿಸಿಲು ಯಂತ್ರವನ್ನು ಹಿಗ್ಗಿಸುತ್ತದೆ, ಮನುಷ್ಯನ ಕಣ್ಣು ದಣಿಯುತ್ತದೆ. ಈ ಅಂಕಿಗಳೊಳಗಿಂದ ನಿಜವನ್ನು ಬೇರ್ಪಡಿಸುವುದೇ ಗಣಕನ ವಿದ್ಯೆ.

ಈ ವಿದ್ಯೆಯ ಬೀಜವು ನಮಗೆ ಅಪರಿಚಿತವಾದುದಲ್ಲ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನೆಂದು ಪ್ರಸಿದ್ಧನಾದ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಹಣ್ಣುಗಳ ಒಂದು ಲೆಕ್ಕವಿದೆ. ಒಂಬತ್ತು ಮಾದಲಹಣ್ಣಿಗೂ ಏಳು ಬೇಲದ ಹಣ್ಣಿಗೂ ಕೂಡಿ ಬೆಲೆ 107. ಏಳು ಮಾದಲಕ್ಕೂ ಒಂಬತ್ತು ಬೇಲಕ್ಕೂ ಕೂಡಿ 101. ಒಂದೊಂದರ ಬೆಲೆಯೆಷ್ಟು? ಎರಡು ಮಾತುಗಳನ್ನೂ ಕೂಡಿದರೆ ಹದಿನಾರು ಮಾದಲ, ಹದಿನಾರು ಬೇಲಕ್ಕೆ 208. ಆದುದರಿಂದ ಒಂದೊಂದು ಹಣ್ಣಿನ ಜೋಡಿಗೆ 13. ಒಂದರಿಂದೊಂದನ್ನು ಕಳೆದರೆ ಎರಡು ಮಾದಲದ ಬೆಲೆಯು ಎರಡು ಬೇಲಕ್ಕಿಂತ 6 ಹೆಚ್ಚು. ಅಂದರೆ ಒಂದಕ್ಕೆ 3 ಹೆಚ್ಚು. ಮಾದಲಕ್ಕೆ 8, ಬೇಲಕ್ಕೆ 5 ಎಂಬುದು ಉತ್ತರ. ಅವ್ಯಕ್ತವಾದ ರಾಶಿಗಳು ಎರಡಿದ್ದರೆ ಒಂದಕ್ಕೊಂದು ಭಿನ್ನವಾದ ಸಮೀಕರಣಗಳೂ ಎರಡು ಬೇಕು. ಒಂದೇ ಇದ್ದರೆ ಎಷ್ಟು ಜಾಣನಾದರೂ ಉತ್ತರವನ್ನು ಹೇಳಲಾರನು.

ಸರ್ವೆಯವರು ಎತ್ತರವನ್ನು ಗೊತ್ತುಮಾಡುವ ಉತ್ತಮ ಕ್ರಮವೂ ಇದೇ. ಒಂದು ನೆಲೆಯಿಂದ ಇನ್ನೊಂದು ನೆಲೆಯನ್ನು ನೋಡಿದಾಗ ಗಾಳಿಯ ವಕ್ರೀಭವನದಿಂದ ಅದು ಇರುವುದಕ್ಕಿಂತ ಎತ್ತರವಾಗಿ ತೋರುತ್ತದೆ. ಭೂಮಿಯ ಗುಂಡಿನ ತಿದ್ದುಪಡಿಯನ್ನು ಮಾಡಿದ ಮೇಲೆ, ಕೆಳಗಿನಿಂದ ನೋಡಿದವನ ಲೆಕ್ಕಕ್ಕೆ ಮೇಲಿನ ನೆಲೆಯು 112 ಅಡಿ ಎತ್ತರವಾಗಿದೆಯೆಂದು ಬಂದಿತೆನ್ನೋಣ. ಮೇಲಿನಿಂದ ನೋಡಿದವನಿಗೂ ಕೆಳಗಿನ ನೆಲೆಯು ಎತ್ತಿದಂತೆ ತೋರುವುದರಿಂದ ಅವನ ಲೆಕ್ಕಕ್ಕೆ ತಗ್ಗು 88 ಅಡಿ ಮಾತ್ರ ಬಂದಿತೆನ್ನೋಣ. ನಿಜವಾದ ಎತ್ತರಕ್ಕೆ ಗಾಳಿಯ ಮೋಸವನ್ನು ಕೂಡಿದರೆ 112, ಕಳೆದರೆ 88. ಎರಡನ್ನೂ ಕೂಡಿ ಅರ್ಧಮಾಡಿದರೆ ಎತ್ತರವು 100 ಅಡಿ. ಕಳೆದು ಅರ್ಧಮಾಡಿದರೆ ಗಾಳಿಯ ಮೋಸವು 12 ಅಡಿ. ಮಾದಲ ಬೇಲಗಳ ಲೆಕ್ಕವೇ ಇದು. ತ್ರಿಕೋನಗಳ ಸರಪಣಿಯಲ್ಲಿ ಇಂತಹ ಸಮೀಕರಣಗಳು ಒಂದರ ಮೇಲೊಂದಾಗಿ ಬೆಳೆಯುತ್ತವೆ. ಅವುಗಳ ನಡುವೆ ದಿನಗಳನ್ನೂ ವರ್ಷಗಳನ್ನೂ ಕಳೆಯುವವನಿಗೆ ವಿದ್ಯೆಯಷ್ಟೇ ಸತ್ಯಸಂಧತೆಯೂ ಬೇಕು; ಹೊಂದದಿರುವ ಅಂಕಿಯನ್ನು ಮೆಲ್ಲನೆ ತಿದ್ದಿಬಿಡುವ ಆಸೆಯು ಪ್ರತಿ ಪುಟದಲ್ಲಿಯೂ ಎದುರಾಗುತ್ತದೆ.

ರಾಧಾನಾಥರ ಈ ಸತ್ಯಸಂಧತೆಯು ಲೆಕ್ಕದ ಪುಸ್ತಕದಿಂದ ಹೊರಕ್ಕೂ ಬಂದಿತು. 1843ರಲ್ಲಿ ಅವರು ಡೆಹ್ರಾಡೂನಿನಲ್ಲಿದ್ದಾಗ ಅಲ್ಲಿಯ ಮ್ಯಾಜಿಸ್ಟ್ರೇಟನಾದ ವ್ಯಾನ್ಸಿಟಾರ್ಟನು ಸರ್ವೆಯ ಕೂಲಿಯಾಳುಗಳಿಂದ ತನ್ನ ಸಾಮಾನುಗಳನ್ನು ಬಿಟ್ಟಿಯಾಗಿ ಹೊರಿಸಿದನು. ರಾಧಾನಾಥರು ಆ ಸಾಮಾನುಗಳನ್ನು ತಡೆದಿಟ್ಟು, ಸಮಜಾಯಿಷಿ ಬಾರದೆ ಬಿಡುವುದಿಲ್ಲವೆಂದು ನಿಂತರು. ಜಿಲ್ಲೆಗೆಲ್ಲ ಒಡೆಯನಂತಿದ್ದ ಬಿಳಿಯ ಅಧಿಕಾರಿಗೆ ಒಬ್ಬ ದೇಶೀಯ ನೌಕರನು ಹೀಗೆ ಎದುರುನಿಲ್ಲುವುದೆಂದರೆ ಆ ಕಾಲದಲ್ಲಿ ಊಹೆಗೂ ಮೀರಿದ ಮಾತು. ವ್ಯವಹಾರವು ನ್ಯಾಯಸ್ಥಾನಕ್ಕೆ ಹೋಯಿತು. ಬಿಟ್ಟಿ ಹಿಡಿದವನಿಗಲ್ಲ, ಅದನ್ನು ತಡೆದವರಿಗೆ 200 ರೂಪಾಯಿ ಜುಲ್ಮಾನೆಯಾಯಿತು. ರಾಧಾನಾಥರು ಸೋತರು, ಆದರೆ ಸುದ್ದಿಯು ಕಲ್ಕತ್ತೆಯ ಪತ್ರಿಕೆಯ ಮೂಲಕ ಹರಡಿತು, ಬಿಟ್ಟಿಯ ವಿಷಯವು ಜನರ ಬಾಯಿಗೆ ಬಂದಿತು. ಕೂಲಿಯವನ ಬೆವರೂ ಲೆಕ್ಕಕ್ಕೆ ಬರತಕ್ಕುದೆಂದು ಗಣಕರೊಬ್ಬರು ತಮ್ಮ ಕೈಯಿಂದ ಹಣ ತೆತ್ತು ಸಾರಿದರೆಂಬುದು ನಮ್ಮ ಅಭಿಪ್ರಾಯ.

1849ರಲ್ಲಿ ಅವರು ಮುಖ್ಯ ಗಣಕರಾಗಿ ಕಲ್ಕತ್ತೆಗೆ ಬಂದರು. 1852ರಲ್ಲಿ ಅಲ್ಲಿಯ ಸರಕಾರೀ ಹವಾಮಾನ ವೀಕ್ಷಣಾಲಯದ ಮೇಲ್ವಿಚಾರಣೆಯೂ ಅವರ ಪಾಲಿಗೆ ಬಂದಿತು. ಬಿಸಿಲಿಗೆ ಭಾರಮಾಪಕದ ಪಾದರಸವೂ ಲೋಹವೂ ಹಿಗ್ಗುವುದರಿಂದ ಬೇರೆಬೇರೆ ಉಷ್ಣತೆಯಲ್ಲಿ ತೆಗೆದ ಅಂಕಿಗಳನ್ನು ಒಂದರೊಡನೊಂದು ಹೋಲಿಸಲಾಗುವುದಿಲ್ಲ. ಅವೆಲ್ಲವನ್ನೂ ಫಾರನ್‌ಹೀಟಿನ 32 ಡಿಗ್ರಿಗೆ ಇಳಿಸಿ ನೋಡುವ ಸೂತ್ರವನ್ನು ರಾಧಾನಾಥರು ಸ್ವತಂತ್ರವಾಗಿ ಸಾಧಿಸಿ ಪ್ರಕಟಿಸಿದರು.

ಈ ಮಧ್ಯೆ ಹಿಮಾಲಯದ ಹದಿನೈದನೆಯ ಶಿಖರವೆಂದು ಸಂಖ್ಯೆ ಮಾತ್ರವಿದ್ದ ಗಿರಿಯೊಂದು ಸರ್ವೆಯವರ ಕುತೂಹಲವನ್ನು ಕೆರಳಿಸಿದ್ದಿತು. ಅಲ್ಲಿಯವರೆಗೂ ಕಾಂಚನಗಂಗಾ ಶಿಖರವೇ ಎಲ್ಲಕ್ಕಿಂತ ಉನ್ನತವೆಂದು ನಂಬಿದ್ದರು. ಎವರೆಸ್ಟರ ಅನಂತರ ಸರ್ವೆಯ ಮುಖ್ಯಸ್ಥರಾದ ಆಂಡ್ರೂ ವಾರ ಅಧಿಕಾರದಲ್ಲಿ, 1849ರ ನವೆಂಬರಿನಿಂದ 1850ರ ಜನವರಿಯ ವರೆಗೆ ಬಿಹಾರದ ಬಯಲಿನ ಆರು ನೆಲೆಗಳಿಂದ ಈ ಶಿಖರವನ್ನು ನೋಡಿ ಕೋನಗಳನ್ನು ಬರೆದುಕೊಂಡರು. ನೇಪಾಳದೊಳಕ್ಕೆ ಸರ್ವೆಯವರಿಗೆ ಪ್ರವೇಶವಿರಲಿಲ್ಲ. ಶಿಖರವನ್ನು ಹತ್ತಿ ಅಲ್ಲಿಂದ ಕೆಳಕ್ಕೆ ನೋಡುವ ಮಾತಂತೂ ಇಲ್ಲವೇ ಇಲ್ಲ. ಅಂದರೆ ಎರಡು ಅವ್ಯಕ್ತಗಳಿಗೆ ಸಮೀಕರಣವು ಒಂದೇ ಉಳಿಯಿತು! ಎತ್ತರ ಮತ್ತು ಗಾಳಿಯ ಮೋಸ ಇವೆರಡೂ ಕೂಡಿ ಇಷ್ಟೆಂಬುದು ಗೊತ್ತು; ಇವುಗಳಲ್ಲಿ ಯಾವುದು ಎಷ್ಟೆಂಬುದು ಗೊತ್ತಿಲ್ಲ. ಆದಕಾರಣ ಗಾಳಿಯ ಪ್ರಮಾಣವನ್ನು ಬೇರೆ ಕಡೆಯ ಅನುಭವದಿಂದ ಎರವಲು ತಂದು ಲೆಕ್ಕವನ್ನು ಮುಂದುವರಿಸಬೇಕಾಯಿತು.

ಹಾಗೆ ಲೆಕ್ಕಮಾಡಿದಾಗ ಬಂದ ಎತ್ತರಗಳು ಅಡಿಗಳಲ್ಲಿ ಇವು: ಜಿರೋಲಿನಿಂದ 28,991.6, ಮಿರ್ಜಾಪುರದಿಂದ 29,005.3, ಜಂಜಿಪಾಟಿಯಿಂದ 29,001.8, ಲಾಡ್ನಿಯಾದಿಂದ 28,998.6, ಹರ್ಪುರದಿಂದ 29,026.1, ಮಿನಾಯಿಯಿಂದ 28,990.4. ಆರು ಕಡೆಯಿಂದ ನೋಡಿದರೆ ಆರು ಎತ್ತರಗಳು. ಇವನ್ನು ಇಂದಿನ ವಿದ್ಯಾರ್ಥಿಯು ಗ್ರಾಫ್ ಕಾಗದದ ಮೇಲೆ, ಅಡ್ಡಗೆರೆಯಲ್ಲಿ ಶಿಖರಕ್ಕಿರುವ ದೂರವನ್ನೂ ನಿಲುಗೆರೆಯಲ್ಲಿ ಎತ್ತರವನ್ನೂ ಗುರುತಿಸಿ ಚುಕ್ಕೆಗಳಾಗಿ ಇಟ್ಟು ನೋಡಲಿ. ಸುಮಾರು 108, 109 ಮೈಲಿ ದೂರದ ಜಂಜಿಪಾಟಿ, ಲಾಡ್ನಿಯಾ, ಮಿರ್ಜಾಪುರಗಳ ಮೂರು ಚುಕ್ಕೆಗಳು ಏಳು ಅಡಿಗಳ ಅಂತರದೊಳಗೆ ಒತ್ತಾಗಿ ಕುಳಿತಿವೆ. ಸುಮಾರು 114 ಮೈಲಿಯ ಮಿನಾಯಿ, 119 ಮೈಲಿಯ ಜಿರೋಲ್ ಎಂಬ ಅತಿ ದೂರದ ಎರಡು ಚುಕ್ಕೆಗಳು ಎಲ್ಲಕ್ಕಿಂತ ಕೆಳಗಿವೆ. ದೂರವು ಹೆಚ್ಚಿದಂತೆಲ್ಲ ಎತ್ತರವು ಕಡಮೆಯಾಗಿ ಬಂದಿತೆಂದೂ, ಎರವಲು ತಂದ ಗಾಳಿಯ ತಿದ್ದುಪಡಿಯು ಮಿತಿಮೀರಿತೆಂದೂ ಹೇಳಲು ಮನಸ್ಸು ಹಾತೊರೆಯುತ್ತದೆ. ಆದರೆ ನಡುವೆ ಸುಮಾರು 111 ಮೈಲಿಯ ಹರ್ಪುರದ ಚುಕ್ಕೆಯು ಎಲ್ಲಕ್ಕೂ ಮೇಲೆ ನಿಂತು ಆ ಮಾತನ್ನು ತಡೆಯುತ್ತದೆ. ಇಷ್ಟು ಸಮೀಪದ ದೂರಗಳಲ್ಲಿ ಇಟ್ಟ ಆರೇ ಚುಕ್ಕೆಗಳಿಂದ ಗೆರೆಯೊಂದನ್ನು ಎಳೆದು ಸಿದ್ಧಾಂತಮಾಡುವುದು ದುಡುಕು. ಚುಕ್ಕೆಗಳು ಹೇಳುವುದನ್ನು ಕೇಳಬೇಕು. ಅವು ಹೇಳದಿರುವುದನ್ನು ಅವುಗಳ ಬಾಯಲ್ಲಿ ಹಾಕಬಾರದು.

ಹಾಗಾದರೆ ಹರ್ಪುರದ ಚುಕ್ಕೆಯನ್ನು ಅಳಿಸಿಬಿಡಬಹುದಾಗಿತ್ತೆ? ಅಳಿಸಿದ್ದರೆ ಉಳಿದ ಐದರ ಸರಾಸರಿಯು ಸುಮಾರು 28,997.5 ಅಡಿ ಆಗುತ್ತಿದ್ದಿತು, ಅಂಕಿಗಳ ಹೊಂದಾಣಿಕೆಯೂ ಅಂದವಾಗಿ ಕಾಣುತ್ತಿದ್ದಿತು. ಗಣಕರು ಅದನ್ನು ಅಳಿಸಲಿಲ್ಲ. ನೋಡಿದವನು ತಪ್ಪಿದನೆಂಬುದಕ್ಕೆ ಬೇರೆ ಸಾಕ್ಷ್ಯವಿಲ್ಲದೆ, ಹೊಂದುವುದಿಲ್ಲವೆಂಬ ಒಂದೇ ಕಾರಣದಿಂದ ಅಂಕಿಯನ್ನು ಹೊಡೆದುಹಾಕುವುದು ನ್ಯಾಯವಲ್ಲ. ಆರನ್ನೂ ಕೂಡಿ ಭಾಗಿಸಿದರು, 29,002.3 ಬಂದಿತು. 1856ರಲ್ಲಿ ವಾ ಅವರು 29,002 ಅಡಿಯೆಂದು ಜಗತ್ತಿಗೆ ಪ್ರಕಟಿಸಿ, ಶಿಖರಕ್ಕೆ ತಮ್ಮ ಹಿಂದಿನ ಅಧಿಕಾರಿಯ ಹೆಸರನ್ನಿಟ್ಟರು. ಲೆಕ್ಕವು ಸರಿಯಾಗಿ 29,000 ಬಂದಿತೆಂದೂ, ಜನರು ನಂಬಲೆಂದು ಎರಡು ಅಡಿಯನ್ನು ಸೇರಿಸಿದರೆಂದೂ ಒಂದು ಹಾಸ್ಯದ ಕಥೆಯಿದೆ. ಮೇಲಿನ ಆರು ಅಂಕಿಗಳನ್ನು ಕೂಡಿನೋಡಿದ ಯಾರಿಗೂ ಅದು ಸುಳ್ಳೆಂದು ತಿಳಿಯುತ್ತದೆ. 2020ರಲ್ಲಿ ನೇಪಾಳವೂ ಚೀನವೂ ಸೇರಿ ಪ್ರಕಟಿಸಿದ ಎತ್ತರವು 8,848.86 ಮೀಟರು, ಎಂದರೆ ಸುಮಾರು 29,032 ಅಡಿ. ಎರವಲು ತಂದ ಪ್ರಮಾಣದಿಂದ ನೂರು ಮೈಲಿಗಳಾಚೆ ಕುಳಿತು ಮಾಡಿದ ಲೆಕ್ಕವು ಸಾವಿರಕ್ಕೆ ಒಂದು ಪಾಲು ಮಾತ್ರ ತಪ್ಪಿತು.

ಇಲ್ಲಿ ನಾವು ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. 1852ರಲ್ಲಿ ರಾಧಾನಾಥರು ವಾ ಅವರ ಕೊಠಡಿಗೆ ಓಡಿಬಂದು, ಪ್ರಪಂಚದ ಅತ್ಯುನ್ನತ ಶಿಖರವನ್ನು ಕಂಡುಹಿಡಿದೆನೆಂದು ಕೂಗಿದರೆಂಬ ಕಥೆಯು ನಮ್ಮ ದೇಶದಲ್ಲಿ ಬಹಳ ಪ್ರಚಾರದಲ್ಲಿದೆ. ನಮಗೂ ಅದು ಪ್ರಿಯವಾದ ಕಥೆಯೇ. ಆದರೆ ರಾಧಾನಾಥರು ಆಗ ಇದ್ದುದು ಕಲ್ಕತ್ತೆಯಲ್ಲಿ. ಸರ್ವೆಯ ಮುಖ್ಯ ಸ್ಥಾನವು ಡೆಹ್ರಾಡೂನಿನಲ್ಲಿ. ಲೆಕ್ಕವು ಒಂದು ದಿನ ಒಬ್ಬರ ಮೇಜಿನ ಮೇಲೆ ಮುಗಿದುದಲ್ಲ; ನೋಡಿದವರು, ತಿದ್ದಿದವರು, ಎರಡು ಕಚೇರಿಗಳ ಗಣಕರು, ಇವರೆಲ್ಲರ ಕೈಗಳಿಂದ ವರ್ಷಗಳ ಕಾಲ ನಡೆದುದು. ಆ ಕೈಗಳಲ್ಲಿ ರಾಧಾನಾಥರ ಕೈಯು ಮುಖ್ಯವಾದುದೆಂಬುದು ಸತ್ಯ. ಅದೊಂದೇ ಕೈಯೆಂಬುದು ಅಭಿಮಾನ. ಇವೆರಡನ್ನೂ ಬೆರಸಬಾರದು.

ಪತ್ರಿಕಾವೃತ್ತಿಯವರಾದ ನಮಗೆ ರಾಧಾನಾಥರು ಇನ್ನೊಂದು ವಿಧದಲ್ಲಿಯೂ ಪೂಜ್ಯರು. 1854ರಲ್ಲಿ ಅವರು ಮಿತ್ರರಾದ ಪ್ಯಾರಿಚಾಂದ ಮಿತ್ರರೊಡನೆ ‘ಮಾಸಿಕ ಪತ್ರಿಕೆ’ಯೆಂಬ ಬಂಗಾಳೀ ಪತ್ರಿಕೆಯನ್ನು ಹೊರಡಿಸಿದರು. ಹೆಂಗಸರೂ ಸಾಮಾನ್ಯ ಜನರೂ ಓದಿ ತಿಳಿಯಬೇಕೆಂಬುದು ಅದರ ಉದ್ದೇಶ. ಆದುದರಿಂದ ಪಂಡಿತರ ಭಾಷೆಯನ್ನು ಬಿಟ್ಟು ಮನೆಮಾತಿನಲ್ಲಿ ಬರೆದರು. ಬಂಗಾಳದ ಮೊದಲ ಕಾದಂಬರಿಗಳಲ್ಲೊಂದಾದ ‘ಆಲಾಲೇರ್ ಘರೇರ್ ದುಲಾಲ್’ ಬೆಳಕುಕಂಡುದು ಈ ಪತ್ರಿಕೆಯಲ್ಲಿಯೇ. ನ್ಯೂಟನ್ನನ ಗ್ರಂಥವನ್ನು ಅರಗಿಸಿಕೊಂಡವರು ಅಡಿಗೆಮನೆಗೆ ತಿಳಿಯುವ ಮಾತನ್ನು ಬರೆಯಲು ನಾಚಲಿಲ್ಲ. ಸಂಸ್ಕೃತಪದಗಳ ಭಾರವನ್ನು ಬಿಡಲಾರದ ನಮ್ಮಂತಹ ಸಂಪಾದಕರು ಇದನ್ನು ಯೋಚಿಸತಕ್ಕುದು.

ರಾಧಾನಾಥರು 1862ರಲ್ಲಿ ಸರಕಾರಿ ಕೆಲಸದಿಂದ ನಿವೃತ್ತರಾಗಿ, ಕಲ್ಕತ್ತೆಯ ಜನರಲ್ ಅಸೆಂಬ್ಲೀಸ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಗಣಿತವನ್ನು ಬೋಧಿಸಿದರು. 1864ರಲ್ಲಿ ಜರ್ಮನಿಯ ಬವೇರಿಯದ ವಿಜ್ಞಾನಸಂಘವೊಂದು ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿಕೊಂಡು ಗೌರವಿಸಿತು. 1870ನೆಯ ಮೇ 17ರಂದು ಚಂದ್ರನಗರದ ಗೊಂಡಲಪಾಡೆಯಲ್ಲಿ ಅವರು ಕಾಲವಾದರು.

ಅನ್ಯಾಯವು ನಡೆದುದು ಅವರು ಕಣ್ಮುಚ್ಚಿದ ಮೇಲೆ. 1851ರಲ್ಲಿ ಥೂಲಿಯರ್ ಮತ್ತು ಸ್ಮಿತ್ ಎಂಬ ಸೈನ್ಯಾಧಿಕಾರಿಗಳ ಹೆಸರಿನಲ್ಲಿ ಭಾರತದ ಸರ್ವೆಯ ಕೈಪಿಡಿಯೊಂದು ಪ್ರಕಟವಾಗಿದ್ದಿತು. ಅದರ ಗಹನವಾದ ಗಣಿತಭಾಗಗಳು ರಾಧಾನಾಥರಿಂದ ಆದುವೆಂದು ಮುನ್ನುಡಿಯಲ್ಲಿ ಕೃತಜ್ಞತೆಯಿಂದ ಒಪ್ಪಿಕೊಂಡಿದ್ದರು. 1855ರ ಎರಡನೆಯ ಮುದ್ರಣದಲ್ಲಿಯೂ ಆ ಮಾತು ಇದ್ದಿತು. 1875ರ ಮೂರನೆಯ ಮುದ್ರಣದಲ್ಲಿ ರಾಧಾನಾಥರ ಬರಹವು ಉಳಿಯಿತು, ಹೆಸರು ಮಾತ್ರ ಮಾಯವಾಯಿತು. ಸತ್ತವರು ಮೊಕದ್ದಮೆ ಹೂಡುವುದಿಲ್ಲವಷ್ಟೆ! ಆದರೆ 1876ರಲ್ಲಿ ‘ಫ್ರೆಂಡ್ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ಇದು ಮೃತರ ಸ್ವತ್ತಿನ ದರೋಡೆಯೆಂದು ಖಂಡನೆಯು ಹೊರಟಿತು. ಹಾಗೆ ಖಂಡಿಸಿದವರು ಅದೇ ಇಲಾಖೆಯ ಮ್ಯಾಕ್‌ಡೊನಾಲ್ಡ್ ಎಂಬ ಬಿಳಿಯ ಅಧಿಕಾರಿಗಳು. ಸರಕಾರವು ಅದಕ್ಕಾಗಿ ಅವರನ್ನೇ ದಂಡಿಸಿತು. ಪರರಾಜ್ಯದ ಕುರ್ಚಿಯಲ್ಲಿ ಕುಳಿತವರಲ್ಲಿಯೂ ನ್ಯಾಯವಂತರು ಇದ್ದರೆಂಬುದನ್ನು ನಾವು ಮರೆಯುವುದು ಸರಿಯಲ್ಲ. ಭಾರತ ಸರಕಾರವು 2004ರಲ್ಲಿ ರಾಧಾನಾಥರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿ ಅಳಿದ ಹೆಸರನ್ನು ಸ್ವಲ್ಪ ಮಟ್ಟಿಗೆ ಮತ್ತೆ ಬರೆಯಿತು.

ಹೊಂದದ ಅಂಕಿಯನ್ನೂ ಅಳಿಸಬಾರದೆಂಬುದು ಯಾವ ಕಚೇರಿಯ ಧರ್ಮವಾಗಿದ್ದಿತೋ ಆ ಕಚೇರಿಯ ಪುಸ್ತಕದಿಂದಲೇ ಅದರ ಮುಖ್ಯ ಗಣಕರ ಹೆಸರನ್ನು ಅಳಿಸಿದರು. ಇದಕ್ಕೆ ನಾವು ಕೊಡಬೇಕಾದ ಉತ್ತರವು ಇಲ್ಲದ ಕಿರೀಟವನ್ನು ಅವರ ತಲೆಯ ಮೇಲಿಡುವುದಲ್ಲ. ಇದ್ದುದನ್ನು ಇದ್ದಂತೆ ಬರೆಯುವುದು. ಲೆಕ್ಕದಲ್ಲಿ ಇರುವುದನ್ನು ಕಳೆಯುವುದು ಹೇಗೆ ತಪ್ಪೋ ಇಲ್ಲದುದನ್ನು ಕೂಡಿಸುವುದೂ ಹಾಗೆಯೇ ತಪ್ಪು. ನಮ್ಮ ಕಚೇರಿಗಳಲ್ಲಿಯೂ ಮೇಲಧಿಕಾರಿಯ ರುಜುವಿನ ಕೆಳಗೆ ಅಡಗಿರುವ ಗುಮಾಸ್ತರು, ಶಾನುಭೋಗರು, ಗಣಕರು ಎಷ್ಟೋ ಮಂದಿ ಆಗಿಹೋಗಿದ್ದಾರೆ, ಈಗಲೂ ಇದ್ದಾರೆ. ವರದಿಗೆ ರುಜು ಹಾಕುವ ಅಧಿಕಾರಿಗಳು ಒಂದು ಕ್ಷಣ ತಡೆದು, ಈ ಲೆಕ್ಕವನ್ನು ಮಾಡಿದವರು ಯಾರೆಂದು ವಿಚಾರಿಸಿ ಆ ಹೆಸರನ್ನೂ ಬರೆಯುವರಾದರೆ, ರಾಧಾನಾಥ ಶಿಕದಾರರ ಋಣದಲ್ಲಿ ಸ್ವಲ್ಪವಾದರೂ ತೀರಿದಂತಾಗುವುದು.